ಅಂಗೈ ಅಗಲದ ಮನೆಗಳು
(ನಮ್ಮ ಶಾಲೆಯ ಸುತ್ತಲಿನ ಸೂಕ್ಷ್ಮ ಆವಾಸಗಳು)



ಬರುವ ಶನಿವಾರ ಶಾಲೆಯಲ್ಲಿ ಶ್ರಮದಾನ ಇದೆ ಅಂತ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ತರರು ಹೇಳಿದ್ದು ನಿಮಗೆಲ್ಲ ಗೊತ್ತೇ ಇದೆ. ಮಳೆ ಬಿಟ್ಟು ಬಿಟ್ಟು ಬರುವ ಈ ದಿನಗಳಲ್ಲಿ ಸೊಳ್ಳೆ ಹೆಚ್ಚಾಗಬಾರದು, ಯಾರಿಗೂ ಡೆಂಗಿ ಜ್ವರ ಬರಬಾರದು ಅಂತ ಈ ಕೆಲಸ. ಕಪ್ಪುಹಲಗೆಯ ಮೇಲೆ ಬರೆದಿರುವ ಪಟ್ಟಿಯಲ್ಲಿ ಐದು ಕೆಲಸಗಳಿವೆ:

1. ಅತ್ತಿಮರದ ಬುಡದ ಕಲ್ಲುಗಳನ್ನು ಎತ್ತಿ ಹೊರಗೆ ಹಾಕುವುದು.
2. ಮೈದಾನದ ಅಂಚಿನ ದರಗು ಗುಡಿಸಿ, ಒಣಗಿದ ಮೇಲೆ ಸುಡುವುದು.
3. ಹಿಂದಿನ ಕೆಂಪುಕಲ್ಲಿನ ಗೋಡೆಯ ಹಾವಸೆ ಕೆರೆಯುವುದು.
4. ಅತ್ತಿಮರದ ಪೊಟರೆಗಳಿಗೆ ಸಿಮೆಂಟ್ ತುಂಬುವುದು.
5. ನೀರು ನಿಲ್ಲುವ ಸಾಮಾನು ತೆಗೆಯುವುದು, ಹೊಂಡ ಮುಚ್ಚುವುದು.

ಇದರಲ್ಲಿ ಕೆಲವು ಕೆಲಸ ಆಗಲೇಬೇಕು. ಆದರೆ ಈ ಐದೂ ಜಾಗದಲ್ಲಿ ಈಗಾಗಲೇ ಯಾರೋ ವಾಸ ಮಾಡ್ತಾ ಇದ್ದಾರೆ. ಅವರು ಯಾರು, ಅವರಿಂದ ನಮಗೆ ಏನು ಅಂತ ತಿಳಿದುಕೊಂಡು ಆಮೇಲೆ ಪೊರಕೆ ಹಿಡಿದರೆ ಒಳ್ಳೆಯದಲ್ಲವೇ? ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಈ ವಿಷಯ ಆರಿಸಿಕೊಂಡಿದ್ದೇನೆ.

ಸೂಕ್ಷ್ಮ ಆವಾಸ ಎಂದರೇನು?

ಒಂದು ಜೀವಿ ಸಹಜವಾಗಿ ವಾಸ ಮಾಡುವ ಜಾಗಕ್ಕೆ ಆವಾಸ ಎನ್ನುತ್ತಾರೆ. ಕಾಡು, ಕೆರೆ, ಗದ್ದೆ, ಸಮುದ್ರ ಇವೆಲ್ಲ ಆವಾಸಗಳು ಅಂತ ನಾವು ಪಾಠದಲ್ಲಿ ಓದಿದ್ದೇವೆ. ಆದರೆ ಒಂದು ಇರುವೆಗೆ, ಎರೆಹುಳುವಿಗೆ ಇಡೀ ಕಾಡು ಬೇಕಾಗಿಲ್ಲ. ಅದಕ್ಕೆ ಒಂದು ಕಲ್ಲು, ಒಂದು ಹಿಡಿ ಮಣ್ಣು ಸಾಕು. ದೊಡ್ಡ ಆವಾಸದ ಒಳಗೆ ತನ್ನದೇ ಆದ ಬೆಳಕು, ಬಿಸಿ, ತೇವ, ಆಹಾರ ಇರುವ ಇಂಥ ಸಣ್ಣ ಜಾಗವೇ ಸೂಕ್ಷ್ಮ ಆವಾಸ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಮನೆ ಒಂದೇ. ಆದರೆ ಅಟ್ಟದ ಮೇಲೆ ಬಿಸಿ, ಹೊಗೆ. ಬಚ್ಚಲಲ್ಲಿ ಸದಾ ನೀರು. ಅಟ್ಟದ ಮೇಲೆ ಇಟ್ಟ ಒಣ ಅಡಿಕೆಯನ್ನು ಬಚ್ಚಲಲ್ಲಿ ಇಟ್ಟರೆ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಬಚ್ಚಲ ಹಿಂದೆ ಸೊಂಪಾಗಿ ಬೆಳೆಯುವ ಕೆಸುವನ್ನು ಅಟ್ಟಕ್ಕೆ ಹತ್ತಿಸಿದರೆ ಬದುಕುತ್ತದೆಯೇ?

ಇನ್ನೂ ಹತ್ತಿರದ ಉದಾಹರಣೆ ನಮ್ಮ ಶಾಲೆಯ ಜಗುಲಿಯಲ್ಲೇ ಇದೆ. ಹೆಂಚಿನ ನೀರು ನೆಲಕ್ಕೆ ಬಿದ್ದು ಒಂದು ಗೆರೆ ಮೂಡಿದೆ, ನೋಡಿದ್ದೀರಾ? ಗೆರೆಯ ಹೊರಗೆ ಮಣ್ಣು ಒದ್ದೆ, ಅಲ್ಲಿ ಹಸಿರು ಪಾಚಿ. ಗೆರೆಯ ಒಳಗೆ ಒಣ ಧೂಳು, ಅಲ್ಲಿ ಆಲಿಕೆಯ ಆಕಾರದ ಪುಟ್ಟ ಪುಟ್ಟ ಕುಣಿಗಳು. ಹಿಂದೆ ಹಿಂದೆ ನಡೆಯುವ ಒಂದು ಹುಳು ಈ ಕುಣಿ ತೋಡಿ ತಳದಲ್ಲಿ ಅಡಗಿ ಕೂತಿರುತ್ತದೆ. ಇರುವೆ ಕಾಲು ಜಾರಿ ಬಿದ್ದರೆ ಅದಕ್ಕೆ ಊಟ. ದೊಡ್ಡದಾದ ಮೇಲೆ ರೆಕ್ಕೆ ಬಂದು ಏರೋಪ್ಲೇನ್ ಚಿಟ್ಟೆಯ ಹಾಗೆ ಕಾಣುತ್ತದೆ. ಮಣ್ಣು ಒದ್ದೆಯಾದರೆ ಅಂಟಿಕೊಳ್ಳುತ್ತದೆ, ಕುಣಿಯ ಗೋಡೆ ಜಾರುವುದಿಲ್ಲ, ಹುಳಕ್ಕೆ ಉಪವಾಸ. ಪಾಚಿಗೆ ನೀರು ಬೇಕು, ಈ ಹುಳಕ್ಕೆ ನೀರು ಬೇಡ. ಎರಡರ ನಡುವೆ ಇರುವ ಅಂತರ ಒಂದು ಗೇಣು!

ಸಣ್ಣ ಜೀವಿಗಳಿಗೆ ಇಂಥ ಜಾಗ ಯಾಕೆ ಇಷ್ಟು ಮುಖ್ಯ? ಕಾರಣ ಸುಲಭ. ಮಾವಿನಕಾಯಿಯನ್ನು ತೆಳ್ಳಗೆ ಹೆಚ್ಚಿ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ದಪ್ಪ ಹೋಳು ನಿಧಾನವಾಗಿ ಒಣಗುತ್ತದೆ. ಹಾಗೆಯೇ ದೇಹ ಸಣ್ಣದಾದಷ್ಟೂ ಒಳಗಿರುವ ನೀರಿಗೆ ಹೋಲಿಸಿದರೆ ಹೊರಮೈ ಹೆಚ್ಚು, ಆದ್ದರಿಂದ ಬೇಗ ಒಣಗಿ ಸಾಯುವ ಭಯವೂ ಹೆಚ್ಚು. ನಮಗೆ ಒಂದು ಗಂಟೆ ಬಿಸಿಲೆಂದರೆ ಬರೀ ಬೆವರು. ಎರೆಹುಳುವಿಗೆ ಅದೇ ಸಾವು.

ಈಗ ಪಟ್ಟಿಯ ಪ್ರಕಾರ ಒಂದೊಂದೇ ಜಾಗ ನೋಡೋಣ.

1. ಕಲ್ಲಿನ ಕೆಳಗೆ

ಮಧ್ಯಾಹ್ನ ಅತ್ತಿಮರದ ಹತ್ತಿರದ ಕಲ್ಲನ್ನು ಮುಟ್ಟಿ ನೋಡಿ. ಮೇಲೆ ಬಿಸಿ, ಕೆಳಗೆ ಕೈ ಹಾಕಿದರೆ ತಣ್ಣಗೆ. ವಿಜ್ಞಾನದ ಮೇಷ್ಟ್ರು ಜೊತೆಗಿದ್ದಾಗ ನಾವು ಮೂವರು ಒಂದು ಕಲ್ಲನ್ನು ಕೋಲಿನಿಂದ ಮೀಟಿ ಎತ್ತಿದೆವು. ಅದರ ಕೆಳಗೆ ಒಂದು ಜರಿ, ಎರಡು ಚೋರಟೆ, ಒಂದು ಎರೆಹುಳು, ಮೊಟ್ಟೆ ಹೊತ್ತು ಓಡುವ ಇರುವೆಗಳು, ಮತ್ತು ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದು ಬಣ್ಣದ ಪುಟ್ಟ ಹುಳುಗಳು ಇದ್ದವು.

ಈ ಬೂದು ಹುಳುವಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ಕೀಟ ಅಲ್ಲ. ಕೀಟಗಳಿಗೆ 6 ಕಾಲು, ಇದಕ್ಕೆ 14. ಇದು ಏಡಿ, ಸಿಗಡಿಗಳ ನೆಂಟ! ನೀರು ಬಿಟ್ಟು ನೆಲಕ್ಕೆ ಬಂದರೂ ಕಿವಿರಿನಂಥ ಅಂಗದಿಂದಲೇ ಉಸಿರಾಡುತ್ತದೆ. ಅದು ತೇವವಾಗಿರಲೇಬೇಕು. ತಾಯಿ ತನ್ನ ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ನೀರು ತುಂಬಿದ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತದೆ. ಕೆರೆಯನ್ನೇ ಮಡಿಲಲ್ಲಿ ಕಟ್ಟಿಕೊಂಡ ಹಾಗೆ. ಕೊಳೆತ ಎಲೆ, ಮರದ ಚೂರು ತಿಂದು ಮಣ್ಣಾಗಿಸುವುದು ಇದರ ಕೆಲಸ. (ಕಾಡಿನಲ್ಲಿ ಗೋಲಿಯಂತೆ ಸುತ್ತಿಕೊಳ್ಳುವ ದೊಡ್ಡ, ಹೊಳೆಯುವ ಹುಳು ಬೇರೆ. ಅದು ಚೋರಟೆಯ ಜಾತಿ.)

ಜರಿಗೂ ಚೋರಟೆಗೂ ವ್ಯತ್ಯಾಸ ತಿಳಿದಿರಲಿ. ಜರಿಗೆ ದೇಹದ ಒಂದೊಂದು ಉಂಗುರಕ್ಕೆ ಒಂದು ಜೊತೆ ಕಾಲು, ಚೋರಟೆಗೆ ಹೆಚ್ಚಿನ ಉಂಗುರಗಳಲ್ಲಿ ಎರಡೆರಡು ಜೊತೆ. ಜರಿ ಬೇಟೆಗಾರ, ಅದರ ಮುಂದಿನ ಕಾಲುಗಳೇ ವಿಷದ ಕೊಂಡಿ. ಚೋರಟೆ ಕೊಳೆತ ಎಲೆ ತಿನ್ನುವ ಸಾಧು.

2. ದರಗಿನ ರಾಶಿ

ದರಗು ಅಂದರೆ ಕಸ ಅಂತ ನಾವು ತಿಳಿದಿದ್ದೇವೆ. ಆದರೆ ನಮ್ಮ ಅಜ್ಜಂದಿರು ಹಾಗೆ ತಿಳಿದಿರಲಿಲ್ಲ. ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಮರದ ಬುಡಕ್ಕೆ ಹಾಕುತ್ತಿದ್ದರು. ಈಗಲೂ ನಮ್ಮ ಕಡೆ ಅನೇಕ ಮನೆಯಲ್ಲಿ ಹಾಗೇ ಮಾಡ್ತಾರೆ.

ರಾಶಿಯನ್ನು ಪದರ ಪದರವಾಗಿ ಬಿಡಿಸಿ ನೋಡಿ. ಮೇಲಿನ ಪದರದಲ್ಲಿ ಇಡೀ ಎಲೆಗಳು, ಜೇಡ, ಕೆಲವೊಮ್ಮೆ ಹಾವುರಾಣಿ. ಅದರ ಕೆಳಗೆ ಒದ್ದೆಯಾದ ಕಂದು ಎಲೆ, ಅದರ ಮೇಲೆ ಬಿಳಿ ನೂಲು ಹರಡಿದಂತೆ ಶಿಲೀಂಧ್ರ. ಇಲ್ಲಿ ಸಾಸಿವೆಗಿಂತ ಚಿಕ್ಕ ಹುಳುಗಳು ಚಂಗನೆ ಹಾರುತ್ತವೆ. ಅವುಗಳ ಹೊಟ್ಟೆಯ ಕೆಳಗೆ ಕವೆಯಂಥ ಬಾಲ ಮಡಿಸಿಕೊಂಡಿರುತ್ತದೆ, ಅದನ್ನು ನೆಲಕ್ಕೆ ಬಡಿದು ಚಿಮ್ಮುತ್ತವೆ. ಕೊನೆಯ ಪದರದಲ್ಲಿ ಎಲೆಯೂ ಇಲ್ಲ, ಪೂರ್ತಿ ಮಣ್ಣೂ ಅಲ್ಲ, ಚಹಾಪುಡಿಯಂಥ ಕಪ್ಪು ಪುಡಿ. ಅಲ್ಲಿ ಎರೆಹುಳುಗಳ ರಾಜ್ಯ.

ಎರೆಹುಳುವಿಗೆ ಶ್ವಾಸಕೋಶ ಇಲ್ಲ, ಅದು ಒದ್ದೆ ಚರ್ಮದಿಂದಲೇ ಉಸಿರಾಡುತ್ತದೆ. ಜೀವವಿಕಾಸದ ಸಿದ್ಧಾಂತ ಹೇಳಿದ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಮೇಲೆಯೇ ಒಂದು ಇಡೀ ಪುಸ್ತಕ ಬರೆದರು. ಹುಳುಗಳು ಮಣ್ಣನ್ನು ನುಂಗಿ ಮೇಲಕ್ಕೆ ತಂದು ಹಾಕುವುದರಿಂದ ಹೊಲದ ಮೇಲಿನ ಕಲ್ಲುಗಳು ನಿಧಾನವಾಗಿ ಮಣ್ಣೊಳಗೆ ಇಳಿಯುತ್ತವೆ ಅಂತ ಅವರು ಅಳೆದು ತೋರಿಸಿದರು. ಅಷ್ಟು ದೊಡ್ಡ ವಿಜ್ಞಾನಿಗೆ ಎರೆಹುಳು ಚಿಕ್ಕ ವಿಷಯ ಅನ್ನಿಸಲಿಲ್ಲ.

ದರಗು ಸುಟ್ಟರೆ ಏನಾಗುತ್ತದೆ? ಬೂದಿಯಲ್ಲಿ ಕೆಲವು ಲವಣಗಳು ಉಳಿಯುತ್ತವೆ ನಿಜ. ಆದರೆ ಗಿಡಕ್ಕೆ ಬೇಕಾದ ಸಾರಜನಕದ ಹೆಚ್ಚಿನ ಭಾಗ ಹೊಗೆಯ ಜೊತೆ ಗಾಳಿಗೆ ಹೋಗುತ್ತದೆ. ಎಲೆಯನ್ನು ಮಣ್ಣು ಮಾಡುವ ಕೂಲಿಯಾಳುಗಳೂ ಸುಟ್ಟುಹೋಗುತ್ತಾರೆ. ನಮ್ಮ ಕೈತೋಟದ ಬಾಳೆಗೆ ಗೊಬ್ಬರ ಸಾಲದು ಅಂತ ಹೇಳುತ್ತಲೇ ಗೊಬ್ಬರಕ್ಕೆ ಬೆಂಕಿ ಇಡುವುದು ಸರಿಯೇ?

3. ಗೋಡೆಯ ಹಾವಸೆ

ಹಿಂದಿನ ಗೋಡೆಯ ಮೇಲೆ ಮಖಮಲ್ ಬಟ್ಟೆಯಂತೆ ಹಾವಸೆ ಬೆಳೆದಿದೆ. ಇದಕ್ಕೆ ನಿಜವಾದ ಬೇರು ಇಲ್ಲ. ಮಳೆ, ಮಂಜಿನ ನೀರನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಸತ್ತಿತು ಅಂದುಕೊಂಡರೆ ಮೊದಲ ಮಳೆಗೆ ಮತ್ತೆ ಹಸಿರು.

ಈ ಹಾವಸೆಯ ಒಳಗೆ ನೀರ್ಕರಡಿ ಎಂಬ ಪ್ರಾಣಿ ಇರುತ್ತದೆ. ಹೆಸರು ಕೇಳಿ ಹೆದರಬೇಡಿ. ಇದರ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇಲ್ಲ. 8 ದಪ್ಪ ಕಾಲು, ಕಾಲಿಗೆ ಉಗುರು, ಕರಡಿಯ ಹಾಗೇ ನಿಧಾನ ನಡಿಗೆ. 1773ರಲ್ಲಿ ಜರ್ಮನಿಯ ಗೋಯ್ಜ಼ೆ ಎಂಬವರು ಇದನ್ನು ಮೊದಲು ವರ್ಣಿಸಿದರು. ಹಾವಸೆ ಒಣಗಿದಾಗ ಇದೂ ಕಾಲು ಒಳಗೆಳೆದುಕೊಂಡು ಒಣಗಿ ಕಾಳಿನ ಹಾಗೆ ಬಿದ್ದಿರುತ್ತದೆ. ನೀರು ಸಿಕ್ಕಿದರೆ ಮತ್ತೆ ಎದ್ದು ನಡೆಯುತ್ತದೆ! 2007ರಲ್ಲಿ ಯೂರೋಪಿನ ವಿಜ್ಞಾನಿಗಳು ನೀರ್ಕರಡಿಗಳನ್ನು ಉಪಗ್ರಹದಲ್ಲಿ ಕಳಿಸಿ, ಗಾಳಿಯೇ ಇಲ್ಲದ ಬಾಹ್ಯಾಕಾಶಕ್ಕೆ ಒಡ್ಡಿದರು. ಅಲ್ಲೂ ಕೆಲವು ಬದುಕಿ ಬಂದವು.

ಇನ್ನು ನಮ್ಮ ರಾಜ್ಯದ ಸುದ್ದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ಆವರಣದಲ್ಲೇ ಹಾವಸೆ ಹಿಡಿದ ಒಂದು ಸಿಮೆಂಟ್ ಗೋಡೆಯಿಂದ ನೀರ್ಕರಡಿಗಳನ್ನು ತೆಗೆದರು. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿಟ್ಟಾಗ ಇದು ನೀಲಿಯಾಗಿ ಹೊಳೆಯಿತು. ಬೇರೆ ಜಾತಿಯ ನೀರ್ಕರಡಿ ಸಾಯುವಷ್ಟು ಕಿರಣ ಬಿಟ್ಟರೂ ಇದು ಸಾಯಲಿಲ್ಲ. ಹೊಳೆಯುವ ಆ ವಸ್ತುವನ್ನು ಬೇರೆ ನೀರ್ಕರಡಿಗೆ ಲೇಪಿಸಿದರೆ ಅದಕ್ಕೂ ಸ್ವಲ್ಪ ರಕ್ಷಣೆ ಸಿಕ್ಕಿತು. 2020ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ನೋಡಿದಿರಾ? ಹೊಸ ವಿಷಯ ಹುಡುಕಲು ಅವರು ದೂರದ ಕಾಡಿಗೆ ಹೋಗಲಿಲ್ಲ. ತಮ್ಮ ಗೋಡೆಯನ್ನೇ ನೋಡಿದರು.

ನಾವೂ ಚಿಟಿಕೆಯಷ್ಟು ಹಾವಸೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಂದು ಹನಿಯನ್ನು ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆವು. ದಾರದಂಥ ಹುಳುಗಳು ಹೊರಳಾಡುವುದು ಕಂಡಿತು. ನೀರ್ಕರಡಿ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ. ಗೋಡೆ ಪೂರ್ತಿ ಕೆರೆದರೆ ಹುಡುಕುವುದೆಲ್ಲಿ?

4. ಅತ್ತಿಮರ: ಹಣ್ಣು ಮತ್ತು ಪೊಟರೆ

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಹಿರಿಯರು ಮೂಗು ಮುರಿಯುತ್ತಾರೆ. ಆದರೆ ಆ ಹುಳ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜವೇ ಆಗುವುದಿಲ್ಲ. ಅತ್ತಿಯ ಹೂವು ನಮಗೆ ಕಾಣುವುದಿಲ್ಲ, ಯಾಕೆಂದರೆ ನೂರಾರು ಸಣ್ಣ ಹೂಗಳು ಕಾಯಿಯ ಒಳಗೇ ಇರುತ್ತವೆ. ಕಾಯಿಯ ತುದಿಯ ಕಿರಿದಾದ ಬಾಗಿಲಿನಿಂದ ಒಂದು ಪುಟ್ಟ ಕಣಜ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿದು ಹೋಗುತ್ತದೆ, ಇನ್ನು ಹೊರಗೆ ಬರುವ ಮಾತಿಲ್ಲ. ತಾನು ತಂದ ಪರಾಗವನ್ನು ಹೂಗಳಿಗೆ ಹಾಕಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅದು ಹೆಣ್ಣುಗಳಿಗಾಗಿ ಕಾಯಿಯಲ್ಲಿ ತೂತು ಕೊರೆದು ಕೊಟ್ಟು ಸಾಯುತ್ತದೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಅತ್ತಿಗೆ ಹಾರುತ್ತವೆ. ಗೋಲಿಯಷ್ಟು ದೊಡ್ಡ ಒಂದು ಕಾಯಿಯಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಮುಗಿದುಹೋಗುತ್ತದೆ.

ಇನ್ನು ಪೊಟರೆ. ನಮ್ಮ ಮರದಲ್ಲಿ ಎರಡು ಪೊಟರೆ ಇವೆ. ಮೇಲಿನದು ಒಣಗಿದ್ದು, ಅಲ್ಲಿ ಗಿಳಿಗಳು ಹೋಗಿ ಬರುತ್ತವೆ. ಗಿಳಿ ತಾನಾಗಿ ಹೊಸ ಪೊಟರೆ ಕೊರೆಯುವುದು ಕಡಿಮೆ. ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟದ್ದನ್ನು ಹುಡುಕುತ್ತದೆ. ಕೆಳಗಿನ ಪೊಟರೆಯಲ್ಲಿ ಮಳೆನೀರು ನಿಲ್ಲುತ್ತದೆ. ಅದರಲ್ಲಿ ಸೊಳ್ಳೆಮರಿ ಇರುವುದು ನಿಜ. ಮಲೆನಾಡಿನ ಮರದ ಪೊಟರೆ, ಬಿದಿರಿನ ಬುಡಗಳಲ್ಲಿ ಬೆಳೆಯುವ ಒಂದು ದೊಡ್ಡ ಜಾತಿಯ ಸೊಳ್ಳೆ ಇದೆ. ಅದರ ಮರಿ ಬೇರೆ ಸೊಳ್ಳೆಮರಿಗಳನ್ನು ತಿನ್ನುತ್ತದೆ, ದೊಡ್ಡದಾದ ಮೇಲೆ ಹೂವಿನ ರಸ ಕುಡಿದು ಬದುಕುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಆದರೂ ನಮ್ಮ ಕೆಳಗಿನ ಪೊಟರೆ 4ನೇ ತರಗತಿಯ ಕಿಟಕಿಗೆ ತೀರಾ ಹತ್ತಿರ ಇದೆ. ಅಲ್ಲಿ ನೀರು ನಿಲ್ಲಲು ಬಿಡುವಂತಿಲ್ಲ.

5. ನಿಂತ ನೀರು

ಡೆಂಗಿ ಸಣ್ಣ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಅದರ ಮೆಚ್ಚಿನ ಸೂಕ್ಷ್ಮ ಆವಾಸ ಯಾವುದು ಗೊತ್ತೇ? ನಾವೇ ಮಾಡಿಕೊಟ್ಟದ್ದು! ಗರಟೆ, ಹಳೆ ಟೈರು, ಒಡೆದ ಬಕೆಟ್, ಹೂಕುಂಡದ ತಟ್ಟೆ, ಬಿದ್ದ ಅಡಿಕೆ ಹಾಳೆ. ಇಂಥ ಕಡೆ ಸೊಳ್ಳೆಮರಿ ತಿನ್ನುವ ಜೀವಿಗಳು ಇನ್ನೂ ಬಂದಿರುವುದಿಲ್ಲ, ಸೊಳ್ಳೆಗೆ ಕೇಳುವವರಿಲ್ಲ.

ಇನ್ನೊಂದು ವಿಷಯ ಎಲ್ಲರೂ ಮನೆಯಲ್ಲಿ ಹೇಳಿ. ಈ ಸೊಳ್ಳೆ ನೀರಿನ ಮಟ್ಟದ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಇರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದಾಗ ಮರಿಯಾಗುತ್ತದೆ. ಆದ್ದರಿಂದ ಚೆಲ್ಲುವುದು ಮಾತ್ರ ಸಾಲದು, ಒಳಗೆ ಉಜ್ಜಿ ತೊಳೆಯಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಮಾಡಬೇಕು ಅಂತ ಹೇಳುವುದು.

ಆದರೆ ಎಲ್ಲ ನಿಂತ ನೀರೂ ಒಂದೇ ಅಲ್ಲ. ಮೈದಾನದ ಮೂಲೆಯಲ್ಲಿ ಕೆಂಪುಕಲ್ಲಿನ ಹಾಸಿನ ಮೇಲೆ ಮಳೆನೀರಿನ ಹೊಂಡ ಇದೆಯಲ್ಲ, ಅದರಲ್ಲಿ ಗೊದಮೊಟ್ಟೆಗಳಿವೆ, ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇವೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಲ್ಲೇ ಬೆಳೆದು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ. ಇಂಥ ಕೆಂಪುಕಲ್ಲಿನ ಬಯಲನ್ನು ಪಾಳು ಜಾಗ ಅಂತ ಜನ ಕರೆಯುತ್ತಾರೆ. ಆದರೆ ಉಡುಪಿ ಜಿಲ್ಲೆಯ ಮಣಿಪಾಲದ ಸುತ್ತಿನ ಇಂಥದೇ ಬಯಲಿನಲ್ಲಿ ವಿಜ್ಞಾನಿಗಳು ಒಂದು ಹೊಸ ಜಾತಿಯ ಕಪ್ಪೆಯನ್ನು ಗುರುತಿಸಿ 2016ರಲ್ಲಿ ಪ್ರಕಟಿಸಿದರು. ಅದರ ಉದ್ದ ಸುಮಾರು 1.6 ಸೆಂಟಿಮೀಟರ್, ನಮ್ಮ ಹೆಬ್ಬೆರಳಿನ ಉಗುರಿನಷ್ಟು. ಅದಕ್ಕೆ ಆ ಕಲ್ಲಿನ ಹೆಸರನ್ನೇ ಸೇರಿಸಿ ‘ಮೈಕ್ರೋಹೈಲ ಲ್ಯಾಟರೈಟ್’ ಎಂದು ಕರೆದರು.

ಉತ್ತರ ಕನ್ನಡದ ಹಳ್ಳಗಳ ‘ಕುಂಬಾರ ಕಪ್ಪೆ’ಯ ಕಥೆ ಇನ್ನೂ ಚೆಂದ. ಇದನ್ನು 2014ರಲ್ಲಿ ಹೊಸ ಜಾತಿ ಎಂದು ಪ್ರಕಟಿಸಿದರು. ಹಳ್ಳದ ಬದಿಯ ಕಡ್ಡಿ, ಕಲ್ಲಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡುಕಪ್ಪೆ ಕೈಯಿಂದ ಮಣ್ಣು ತಂದು ಕುಂಬಾರನ ಹಾಗೆ ಅದಕ್ಕೆ ಮೆತ್ತುತ್ತದೆ. ಆ ಒಂದು ಕಡ್ಡಿ, ಆ ಒಂದು ಹಿಡಿ ಮಣ್ಣೇ ಅದರ ಮಕ್ಕಳ ಮನೆ.

ಶನಿವಾರಕ್ಕೆ ನನ್ನ ಸಲಹೆ

ಇಷ್ಟು ತಿಳಿದ ಮೇಲೆ ನಮ್ಮ ಪಟ್ಟಿಯನ್ನು ಹೀಗೆ ಸ್ವಲ್ಪ ಬದಲಾಯಿಸಬಹುದು ಅಂತ ಗುರುಗಳಲ್ಲಿ ವಿನಂತಿ ಮಾಡುತ್ತೇನೆ:

– ಕಲ್ಲು: ಕಾಲಿಗೆ ಎಡವುವ ದಾರಿಯಲ್ಲಿದ್ದರೆ ಮಾತ್ರ ತೆಗೆಯೋಣ. ಮರದ ಬುಡದವು ಅಲ್ಲೇ ಇರಲಿ.
– ದರಗು: ತರಗತಿಯ ಪಕ್ಕದ್ದನ್ನು ಗುಡಿಸೋಣ, ಆದರೆ ಸುಡುವುದು ಬೇಡ. ಕೈತೋಟದ ಬಾಳೆ ಬುಡಕ್ಕೆ ಹಾಕೋಣ.
– ಹಾವಸೆ: ಕಾಲು ಜಾರುವ ಮೆಟ್ಟಿಲು, ನಲ್ಲಿ ಕಟ್ಟೆಯದನ್ನು ಕೆರೆಯೋಣ. ಹಿಂದಿನ ಗೋಡೆಯದು ಇರಲಿ.
– ಪೊಟರೆ: ಕೆಳಗಿನದಕ್ಕೆ ಸಿಮೆಂಟ್ ಬದಲು ಮರಳು ತುಂಬಿದರೆ ನೀರು ನಿಲ್ಲುವುದಿಲ್ಲ. ಮೇಲಿನದರಲ್ಲಿ ನೀರಿಲ್ಲ, ನೀರಿಲ್ಲದಲ್ಲಿ ಸೊಳ್ಳೆಮರಿ ಇಲ್ಲ. ಗಿಳಿಗೆ ಬಿಡೋಣ.
– ಗರಟೆ, ಟೈರು, ಹಾಳೆ, ಬಕೆಟ್: ಒಂದನ್ನೂ ಬಿಡುವುದು ಬೇಡ! ಟ್ಯಾಂಕಿಗೆ ಮುಚ್ಚಳ ಹಾಕೋಣ. ಕಲ್ಲುಹಾಸಿನ ಹೊಂಡವನ್ನು ವಾರಕ್ಕೊಮ್ಮೆ ನೋಡೋಣ. ಬರೀ ಸೊಳ್ಳೆಮರಿಯೇ ಕಂಡರೆ ಆಗ ಮುಚ್ಚೋಣ.

ಜಾಗ್ರತೆ!

ಕಲ್ಲು, ದರಗು ಎತ್ತುವಾಗ ಬರಿಗೈ ಬೇಡ, ಕೋಲು ಬಳಸಿ. ಚೇಳು, ಜರಿ, ಹಾವು ಇರಬಹುದು. ದೊಡ್ಡವರು ಜೊತೆಗಿರಲಿ. ಎತ್ತಿದ ಕಲ್ಲನ್ನು ಇದ್ದ ಹಾಗೇ ಮೆಲ್ಲಗೆ ಇಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಶಾಲೆಯ ಅಂಗಳದ ದರಗು ಬೇರೆ, ಕಾಡಿನ ದರಗು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಮರಿಗಳು ಕಾಡಿನ ನೆಲದ ದರಗಿನಲ್ಲೇ ಇರುತ್ತವೆ. ಅದೂ ಒಂದು ಸೂಕ್ಷ್ಮ ಆವಾಸವೇ! ಡಿಸೆಂಬರ್‌ನಿಂದ ಮೇ ತನಕ ಈ ಕಾಯಿಲೆಯ ಕಾಲ. ಆಗ ಕಾಡಿಗೆ ದರಗು ಗುಡಿಸಲು ಹೋಗಬೇಕಾದರೆ ಆಶಾ ಅಕ್ಕ ಹೇಳಿದ ಹಾಗೆ ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಾಡಿ ನೋಡಿ, ಉತ್ತರ ಬರೆಯಿರಿ

1. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಜಾಗಕ್ಕೆ ನಾಲ್ಕು ಕಡ್ಡಿ ಇಟ್ಟು ಹತ್ತು ನಿಮಿಷ ಸುಮ್ಮನೆ ನೋಡಿ. ಎಷ್ಟು ಬಗೆಯ ಜೀವಿ ಕಂಡಿರಿ?
2. ಬಚ್ಚಲ ಹಿಂದಿನ ಬಾಳೆಬುಡ, ಕೊಟ್ಟಿಗೆಯ ಗೋಡೆ, ಬಾವಿಯ ಒಳಗಿನ ಕಲ್ಲುಸಂದು – ಇವುಗಳಲ್ಲಿ ಬೆಳಕು, ತೇವ ಹೇಗಿವೆ? ಅಲ್ಲಿ ಯಾರಿದ್ದಾರೆ? (ಬಾವಿಗೆ ಇಣುಕುವಾಗ ದೊಡ್ಡವರು ಜೊತೆಗಿರಲಿ.)
3. ಹುತ್ತವನ್ನು ಕಟ್ಟುವುದು ಗೆದ್ದಲು. ಹಾಗಾದರೆ ಹಾವು ಅಲ್ಲಿಗೆ ಯಾಕೆ ಬರುತ್ತದೆ?

ಉತ್ತರಗಳನ್ನು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ. ಶನಿವಾರ ಎಲ್ಲರೂ ತಪ್ಪದೆ ಬನ್ನಿ, ಪೊರಕೆಯ ಜೊತೆ ಒಂದು ಗೋಣಿಚೀಲವನ್ನೂ ತನ್ನಿ. ದರಗು ತುಂಬಲು ಬೇಕಾಗುತ್ತದೆ.

– ನಿಮ್ಮ ಗೆಳತಿ, 9ನೇ ತರಗತಿ